ಹಸನ್‌ನಂಥ ಗೆಳೆಯ ಸಿಗಲಿ ಅನ್ನುವವರಿಗೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಥೆ-ಕಾದಂಬರಿಗಳಲ್ಲಿ ಬರುವ ಬಾಲ್ಯದ ಗೆಳೆತನದ ಬಗ್ಗೆ ಒಂದು ಲೇಖನ ಇತ್ತು. ಚೆನ್ನಾಗಿಯೇ ಬರೆದಿದ್ದರು, ಅದರಲ್ಲಿ ತಕರಾರಿಲ್ಲ. ಆದರೆ ಖಾಲಿದ್ ಹೊಸೇನಿಯವರ 'ದಿ ಕೈಟ್ ರನ್ನರ್' ಬಗ್ಗೆ ಎರಡು ಕಾಲಂ ಬರೆದು, ಕೊನೆಗೆ ಹಸನ್‌ನಂಥ ಗೆಳೆಯ ಪ್ರತಿಯೊಬ್ಬರಿಗೂ ಸಿಗಲಿ ಅಂತ ಹಾರೈಸಿ ಮುಗಿಸಿದ್ದರು. ಅಲ್ಲಿ ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಯಾರಿಗೆ ಸಿಗಬೇಕು? ಸಿಗುವವನು ಯಾರ ಮನೆಯ ಹುಡುಗ? ನನ್ನ ಮಗ ಹಸನ್ ಆಗಲಿ ಅಂತ ಯಾವ ತಾಯಿಯಾದರೂ ಹರಕೆ ಹೊತ್ತಿದ್ದಾಳಾ?

ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುವವನು. ಹುಟ್ಟಿ ಬೆಳೆದದ್ದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ನಮ್ಮಪ್ಪ ಆ ಊರಿನ ಗೌಡರ ಮನೆಯಲ್ಲಿ ವರ್ಷದ ಸಂಬಳಕ್ಕೆ ಇದ್ದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಕಾದಂಬರಿ ಓದುವವನು ಎಲ್ಲಿ ಕೂತಿದ್ದಾನೆ ಅನ್ನುವುದರ ಮೇಲೆ ಬೇರೆಬೇರೆ ಆಗುತ್ತದೆ. ಗೌಡರ ವಾಡೆಯ ಪಡಸಾಲೆಯಲ್ಲಿ ಕೂತು ಓದಿದರೆ ಅದು ತಪ್ಪು ಮಾಡಿದ ಹುಡುಗ ದೊಡ್ಡವನಾಗಿ ತಪ್ಪು ತಿದ್ದಿಕೊಂಡ ಕಥೆ. ದನದ ಕೊಟ್ಟಿಗೆ ಕಡೆಯಿಂದ ಓದಿದರೆ ಅದು ಕಳ್ಳತನದ ಆಪಾದನೆ ಹೊತ್ತು ರಾತ್ರೋರಾತ್ರಿ ಅಲ್ಲದಿದ್ದರೂ ಹಗಲೇ ತಲೆ ತಗ್ಗಿಸಿ ಮನೆ ಖಾಲಿ ಮಾಡಿದ ಅಪ್ಪ-ಮಗನ ಕಥೆ.

ಓದದೇ ಇರುವವರಿಗಾಗಿ ನಾಲ್ಕು ಮಾತು. ಪುಸ್ತಕ ಬಂದದ್ದು 2003ರಲ್ಲಿ, ಇಂಗ್ಲಿಷಿನಲ್ಲಿ. ಬರೆದವರು ಕಾಬೂಲಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಡಾಕ್ಟರ್ ಆದವರು. ಕಾಬೂಲಿನ ವಜೀರ್ ಅಕ್ಬರ್ ಖಾನ್ ಅನ್ನುವ ಶ್ರೀಮಂತರ ಬಡಾವಣೆ. ದೊಡ್ಡ ಬಂಗಲೆಯಲ್ಲಿ ಅಮೀರ್, ಅದೇ ಕಾಂಪೌಂಡಿನ ಮೂಲೆಯ ಮಣ್ಣಿನ ಗುಡಿಸಲಲ್ಲಿ ಹಸನ್. ಅಮೀರ್ ಅಲ್ಲಿ ಮೇಲು ಅನಿಸಿಕೊಂಡ ಪಶ್ತೂನ್ ಪಂಗಡದವನು, ಹಸನ್ ಕೀಳು ಅಂತ ಕಾಣುವ ಹಜಾರಾ ಪಂಗಡದವನು. ಅಲ್ಲಿ ಹಜಾರಾ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಊರ ಅಗಸಿಯ ಹೊರಗೆ ಮನೆ ಇದ್ದವರಿಗೆ ತಾನಾಗೇ ಗೊತ್ತಾಗುತ್ತದೆ. ಇಬ್ಬರೂ ಒಬ್ಬಳೇ ದಾಯಿಯ ಹಾಲು ಕುಡಿದವರು. ಹಸನ್ ಬೆಳಗ್ಗೆ ಎದ್ದು ಅಮೀರನ ತಿಂಡಿ ರೆಡಿ ಮಾಡುತ್ತಾನೆ, ಅವನ ಬಟ್ಟೆ ಇಸ್ತ್ರಿ ಮಾಡುತ್ತಾನೆ, ಪುಸ್ತಕ ಪೆನ್ಸಿಲು ಜೋಡಿಸಿಡುತ್ತಾನೆ. ಅಮೀರ್ ಶಾಲೆಗೆ ಹೋಗುತ್ತಾನೆ. ಹಸನ್‌ಗೆ ಓದು ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ಇಬ್ಬರೂ ಗುಡ್ಡದ ಮೇಲಿನ ಹಳೇ ಗೋರಿಗಳ ಪಕ್ಕದ ದಾಳಿಂಬೆ ಮರದ ಕೆಳಗೆ ಕೂರುತ್ತಾರೆ, ಅಮೀರ್ ಕಥೆ ಓದಿ ಹೇಳುತ್ತಾನೆ. ಹಸನ್ ಅವನನ್ನು ಕರೆಯುವುದು 'ಅಮೀರ್ ಆಗಾ' ಅಂತ, ಅಂದರೆ ನಮ್ಮಲ್ಲಿ ಸಣ್ಣಗೌಡ್ರ ಅಂದಂತೆ.

1975ರ ಚಳಿಗಾಲದಲ್ಲಿ ಪತಂಗದ, ಅಂದರೆ ಗಾಳಿಪಟದ ಪಂದ್ಯ. ಇದನ್ನು ಬೆಂಗಳೂರಿನ ಓದುಗರಿಗೆ ವಿವರಿಸಬೇಕಾಗಬಹುದು, ಕಲಬುರಗಿ-ಬೀದರಿನವರಿಗೆ ಬೇಡ. ಸಂಕ್ರಾಂತಿ ಹತ್ತಿರ ಬಂದರೆ ಇಲ್ಲಿಯ ಮಾಳಿಗೆ ಮೇಲೆ ಹುಡುಗರ ಕೂಗಾಟ ಕೇಳಿದವರಿಗೆ ದಾರಕ್ಕೆ ದಾರ ಸಿಕ್ಕಿಸಿ ಕತ್ತರಿಸುವ ಪೇಚ್ ಅಂದರೇನು, ಗಾಜಿನ ಪುಡಿ ಸವರಿದ ಮಾಂಜಾ ದಾರ ಅಂದರೇನು, ಕಟ್ ಆದ ಪತಂಗದ ಹಿಂದೆ ಓಡುವುದು ಅಂದರೇನು ಎಲ್ಲ ಗೊತ್ತು. ಅಮೀರ್ ಗೆಲ್ಲುತ್ತಾನೆ. ಕೊನೆಗೆ ಕಟ್ ಆದ ನೀಲಿ ಪತಂಗವನ್ನು ತರಲು ಹಸನ್ ಓಡುತ್ತಾನೆ. ಓಣಿಯೊಂದರಲ್ಲಿ ಆಸೆಫ್ ಅನ್ನುವ ಹುಡುಗ ತನ್ನ ಜೊತೆಗಾರರನ್ನು ಕಟ್ಟಿಕೊಂಡು ಹಸನ್‌ನನ್ನು ಅಡ್ಡಹಾಕುತ್ತಾನೆ. ಪತಂಗ ಕೊಟ್ಟುಬಿಡು, ಬಿಟ್ಟುಬಿಡುತ್ತೇನೆ ಅನ್ನುತ್ತಾನೆ. ಹಸನ್ ಕೊಡುವುದಿಲ್ಲ. ಆಮೇಲೆ ಆದದ್ದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಅಮೀರ್ ಮರೆಯಲ್ಲಿ ನಿಂತು ನೋಡುತ್ತಾನೆ, ಆಮೇಲೆ ಓಡಿಹೋಗುತ್ತಾನೆ.

ನಿಮ್ಮ ಲೇಖಕರೂ ಸೇರಿ ಎಲ್ಲರೂ ದ್ರೋಹ ಅನ್ನುವುದು ಈ ಓಣಿಯಲ್ಲಿ ನಡೆದದ್ದನ್ನೇ. ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಹುಡುಗ ಹೆದರಿ ಓಡಿಹೋದ. ಅದು ತಪ್ಪೇ, ಆದರೆ ಹೆದರಿಕೆಗೆ ನಾನು ಮಾಫಿ ಕೊಡಬಲ್ಲೆ. ನಾನು ಆ ವಯಸ್ಸಿನ ಮಕ್ಕಳ ಜೊತೆಗೇ ದಿನ ಕಳೆಯುವವನು, ಅವರು ಎಷ್ಟು ಬೇಗ ಹೆದರುತ್ತಾರೆ ಅಂತ ಗೊತ್ತು. ನಿಜವಾದ ದ್ರೋಹ ನಡೆಯುವುದು ಮುಂದಿನ ಬೇಸಿಗೆಯಲ್ಲಿ, ಅಮೀರನ ಹುಟ್ಟುಹಬ್ಬ ಆದ ಮೇಲೆ, ಮನೆಯೊಳಗೆ, ಯಾರ ಹೆದರಿಕೆಯೂ ಇಲ್ಲದಾಗ. ಹಸನ್‌ನ ಮುಖ ನೋಡುವುದು ಅಮೀರ್‌ಗೆ ಕಷ್ಟವಾಗುತ್ತಿದೆ. ನೋಡಿದಾಗಲೆಲ್ಲ ತನ್ನ ಹೇಡಿತನ ನೆನಪಾಗುತ್ತದೆ. ಹಾಗಾಗಿ ಹಸನ್ ಮನೆಯಲ್ಲೇ ಇರಬಾರದು. ತನಗೆ ಉಡುಗೊರೆ ಬಂದ ವಾಚು ಮತ್ತು ಒಂದಷ್ಟು ನೋಟು ತೆಗೆದುಕೊಂಡು ಹೋಗಿ ಗುಡಿಸಲಲ್ಲಿ ಹಸನ್‌ನ ಹಾಸಿಗೆ ಕೆಳಗೆ ಇಡುತ್ತಾನೆ. ಆಮೇಲೆ ಅಪ್ಪನ ಹತ್ತಿರ ಹೋಗಿ ಹೇಳುತ್ತಾನೆ. ಇದು ಹೆದರಿಕೆಯಿಂದ ಆದದ್ದಲ್ಲ. ಇದಕ್ಕೆ ಯೋಚನೆ ಬೇಕು, ಸಮಯ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಹೇಳಿದರೆ ಜನ ನಂಬುತ್ತಾರೆ ಅನ್ನುವ ಧೈರ್ಯ ಬೇಕು. ಹಸನ್ ಹೀಗೆ ಅಮೀರನ ಹಾಸಿಗೆ ಕೆಳಗೆ ಏನಾದರೂ ಇಟ್ಟು ಬಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ.

ಈ ಭಾಗ ಓದುವಾಗ ನನಗೆ ನಾನು ಓದಿದ ಹಾಸ್ಟೆಲ್ ಕಣ್ಣ ಮುಂದೆ ಬಂತು. ಯಾವ ಹಾಸ್ಟೆಲ್ ಅಂತ ಬೇಡ. ಅಲ್ಲಿ ಯಾರದಾದರೂ ದುಡ್ಡೋ ಪೆನ್ನೋ ಕಾಣೆಯಾದರೆ ವಾರ್ಡನ್ ಬಂದು ಎಲ್ಲರ ಟ್ರಂಕು ತೆಗೆಸುತ್ತೇನೆ ಅನ್ನುತ್ತಿದ್ದರು. ಎಲ್ಲರದೂ ತೆಗೆಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಶುರು ಮಾಡುತ್ತಿದ್ದದ್ದು ಯಾವಾಗಲೂ ನಮ್ಮ ಮೂಲೆಯಿಂದ. ನನ್ನ ಟ್ರಂಕಿನಲ್ಲಿ ಎರಡು ಅಂಗಿ, ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಿಂಡಿ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿ ನೋಡುತ್ತಿದ್ದರು. ಕಳೆದ ವಸ್ತು ಸಿಗುತ್ತಿತ್ತೋ ಇಲ್ಲವೋ, ಆ ಹಿಂಡಿ ಮಾತ್ರ ನಾನು ತಿನ್ನುತ್ತಿರಲಿಲ್ಲ. ಅಮೀರ್ ಮಾಡಿದ್ದು ಎಂಥ ಕೆಲಸ ಅಂತ ನನಗೆ ಗೊತ್ತಾದದ್ದು ಆ ಡಬ್ಬಿಯಿಂದ.

ಮುಂದೆ ಏನಾಗುತ್ತದೆ? ಅಮೀರನ ಅಪ್ಪ, ಬಾಬಾ, ಎಲ್ಲರನ್ನೂ ಕೂರಿಸಿ ನೇರವಾಗಿ ಕೇಳುತ್ತಾನೆ, ನೀನು ಕದ್ದೆಯಾ ಅಂತ. ಹಸನ್ ಹೌದು ಅನ್ನುತ್ತಾನೆ. ಇಲ್ಲ ಅಂದರೆ ಅಮೀರ್ ಸುಳ್ಳುಗಾರ ಆಗುತ್ತಾನೆ, ಅದಕ್ಕೆ. ಕಳ್ಳತನಕ್ಕಿಂತ ದೊಡ್ಡ ಪಾಪ ಇಲ್ಲ ಅಂತ ಮಗನಿಗೆ ಕಲಿಸಿದ ಅದೇ ಬಾಬಾ ತಕ್ಷಣ ಕ್ಷಮಿಸುತ್ತಾನೆ. ಆದರೆ ಹಸನ್‌ನ ಅಪ್ಪ ಅಲಿ, ನಾವು ಹೋಗುತ್ತೇವೆ ಅನ್ನುತ್ತಾನೆ. ಬಾಬಾ ಬೇಡಿಕೊಳ್ಳುತ್ತಾನೆ, ಅಳುತ್ತಾನೆ. ಅಲಿ ಒಪ್ಪುವುದಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ತುಂಬಾ ಇಷ್ಟವಾದ ಮನುಷ್ಯ ಈ ಅಲಿ. ಪೋಲಿಯೋದಿಂದ ಕಾಲು ಸೊಟ್ಟಗಾದವನು, ಬೀದಿ ಹುಡುಗರ ಗೇಲಿಗೆ ಗುರಿಯಾದವನು, ಜೀವನವಿಡೀ ಒಂದೇ ಮನೆಯಲ್ಲಿ ಕೆಲಸ ಮಾಡಿದವನು, ಒಂದೇ ಒಂದು ಸಲ ಇಲ್ಲ ಅಂದ. ಆ ಒಂದು ಇಲ್ಲ ಅನ್ನುವ ಮಾತಿಗೆ ಬಾಬಾನಂಥ ದೊಡ್ಡ ಮನುಷ್ಯ ಕುಸಿದುಹೋದ. ವಿಮರ್ಶಕರು ಹಸನ್‌ನ ನಿಷ್ಠೆ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಅಲಿ ಎದ್ದು ಹೋದದ್ದನ್ನು ಸುಮ್ನೆ ದಾಟಿಬಿಡುತ್ತಾರೆ.

ಈಗ ನಿಷ್ಠೆಯ ವಿಷಯಕ್ಕೆ ಬರೋಣ. ಕಾದಂಬರಿಯಲ್ಲಿ ಒಂದು ಕಡೆ ಅಮೀರ್ ಕೇಳುತ್ತಾನೆ, ನಾನು ಹೇಳಿದರೆ ಮಣ್ಣು ತಿನ್ನುತ್ತೀಯಾ ಅಂತ. ಹಸನ್ ತಿನ್ನುತ್ತೇನೆ ಅನ್ನುತ್ತಾನೆ. ಆಮೇಲೆ ಅವನ ಕಡೆ ನೋಡಿ, ಆದರೆ ನೀನು ಅಂಥದ್ದನ್ನು ನನಗೆ ಹೇಳುತ್ತೀಯಾ ಅಂತ ತಿರುಗಿ ಕೇಳುತ್ತಾನೆ. ಮೊದಲ ಉತ್ತರವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಎರಡನೆಯದು ಮುಖ್ಯ. ಆ ಹುಡುಗ ದಡ್ಡನಲ್ಲ. ತನ್ನ ಕಡೆಯಿಂದ ಏನು ಕೊಡುತ್ತಿದ್ದೇನೆ ಅಂತ ಅವನಿಗೆ ಗೊತ್ತಿದೆ, ಆ ಕಡೆಯಿಂದ ಏನು ಬರುತ್ತದೆ ಅಂತ ಲೆಕ್ಕ ಕೇಳುತ್ತಿದ್ದಾನೆ, ಅದೂ ಎಷ್ಟು ಮೆತ್ತಗೆ ಅಂದರೆ ಕೇಳಿಸಿಕೊಂಡವನಿಗೆ ಸಿಟ್ಟು ಬರದ ಹಾಗೆ. ಕೆಳಗಿದ್ದವರು ಹೀಗೇ ಕೇಳಬೇಕಾಗುತ್ತದೆ.

ನಮ್ಮಪ್ಪನನ್ನು ಊರಲ್ಲಿ ಎಲ್ಲರೂ ಹೊಗಳುತ್ತಿದ್ದರು. ನಿಮ್ಮಪ್ಪನಂಥ ನಂಬಿಗಸ್ತ ಆಳು ಈಗ ಎಲ್ಲಿ ಸಿಗಬೇಕು ಅಂತ ಈಗಲೂ ಊರಿಗೆ ಹೋದರೆ ವಯಸ್ಸಾದವರು ಹೇಳುತ್ತಾರೆ. ಅಪ್ಪ ಮತ್ತು ಗೌಡರ ಮಗ ಒಂದೇ ವಯಸ್ಸಿನವರು. ಸಣ್ಣವರಿದ್ದಾಗ ಹಳ್ಳದಲ್ಲಿ ಕೂಡಿ ಈಜಿದವರು, ಚಿಣಿಫಣಿ ಆಡಿದವರು, ಹೊಲದಲ್ಲಿ ಹಸಿ ಕಡಲೆ ಸುಟ್ಟು ತಿಂದವರು. ಆದರೆ ಆಟ ನಿಲ್ಲುತ್ತಿದ್ದದ್ದು ವಾಡೆಯ ಹೊಸ್ತಿಲಲ್ಲಿ. ಒಳಗೆ ಹೋದವನು ಒಬ್ಬನೇ. ಅಪ್ಪ ಅವರನ್ನು ಸಣ್ಣಗೌಡ್ರ ಅನ್ನುತ್ತಿದ್ದ, ಅವರು ಅಪ್ಪನ ಹೆಸರಿನ ಕೊನೆಯ ಅಪ್ಪ ಅನ್ನುವುದನ್ನು ಕಿತ್ತುಹಾಕಿ 'ಯಾ' ಸೇರಿಸಿ ಕರೆಯುತ್ತಿದ್ದರು. ಎಪ್ಪತ್ತರ ವಯಸ್ಸಿನಲ್ಲೂ ಹಾಗೇ. ಅಪ್ಪ ಬಿಟ್ಟುಹೋಗಲಿಲ್ಲ ನಿಜ. ಯಾಕೆ ಹೋಗಲಿಲ್ಲ ಅಂತ ಒಂದು ಸಲ ಕೇಳಿದೆ. ಮುಂಗಡ ತೊಗೊಂಡಿದ್ದು ಮುಟ್ಟಿರಲಿಲ್ಲ, ಮುಟ್ಟೋದ್ರೊಳಗ ನಿಮ್ಮ ಅತ್ತಿ ಮದುವಿ ಬಂತು, ಮತ್ತ ತೊಗೊಂಡೆ ಅಂದ. ಅಷ್ಟೇ. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದು ಮಾಡಿದ ಕಾಯಿದೆ ಬಂದದ್ದು 1976ರಲ್ಲಿ, ಅಂದರೆ ಹಸನ್ ಆ ನೀಲಿ ಪತಂಗಕ್ಕೆ ಓಡಿದ ಮರುವರ್ಷ. ಕಾಯಿದೆ ನಮ್ಮೂರಿಗೆ ನಡೆದುಕೊಂಡೇ ಬಂತು, ಬಸ್ಸು ಸಿಗಲಿಲ್ಲ ಅಂತ ಕಾಣುತ್ತದೆ.

ಗೌಡರ ಮಗ ಕೆಟ್ಟವರೇನಲ್ಲ. ನನ್ನ ಓದಿಗೆ ಒಂದೆರಡು ಸಲ ದುಡ್ಡು ಕೊಟ್ಟಿದ್ದಾರೆ. ಅವರ ಮಗಳ ಮದುವೆ ಕಲಬುರಗಿಯ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ಅಪ್ಪನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಬೀಗರ ಎದುರು ಅಪ್ಪನ ಹೆಗಲ ಮೇಲೆ ಕೈ ಹಾಕಿ, ಇವ ನಮ್ಮ ಮನಿಯವ್ನ, ನಾವಿಬ್ರೂ ಕೂಡೇ ಆಡಿ ಬೆಳದವ್ರು, ಅಣ್ತಮ್ಮ ಇದ್ದಂಗ ಅಂದರು. ಹೇಳುವಾಗ ಅವರ ಕಣ್ಣು ನಿಜಕ್ಕೂ ತುಂಬಿ ಬಂದಿತ್ತು. ಅಪ್ಪ ಕೈ ಮುಗಿದು ನಕ್ಕ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅಣ್ತಮ್ಮ ಅಂದ್ರಲ್ಲ, ಹೊಲದಾಗ ಪಾಲ ಕೇಳಿದ್ರ ಏನಂತಿದ್ರೋ ಅಂದ. ಸಿಟ್ಟಿನಿಂದಲ್ಲ, ಒಳ್ಳೇ ಜೋಕು ಹೇಳಿದವನ ಹಾಗೆ ತಾನೇ ನಗುತ್ತಿದ್ದ.

ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಅವನು ಹೇಳಿದ್ದು ಮಹಾಭಾರತದ ಕಥೆಯನ್ನೇ. ದ್ರೋಣ ಮತ್ತು ದ್ರುಪದ ಒಂದೇ ಗುರುಕುಲದಲ್ಲಿ ಓದಿದವರು. ಒಬ್ಬ ರಾಜನ ಮಗ, ಇನ್ನೊಬ್ಬ ಬಡ ಬ್ರಾಹ್ಮಣನ ಮಗ. ನಾನು ರಾಜನಾದರೆ ರಾಜ್ಯದಲ್ಲಿ ನಿನಗೂ ಪಾಲಿದೆ ಅಂತ ಹುಡುಗುತನದಲ್ಲಿ ದ್ರುಪದ ಹೇಳಿದ್ದ. ಮುಂದೆ ದ್ರೋಣನ ಮಗ ಹಾಲಿಗೆ ಅಳುತ್ತಾನೆ, ಹಿಟ್ಟು ಕಲಸಿದ ನೀರು ಕುಡಿಸಿ ಇದೇ ಹಾಲು ಅನ್ನುತ್ತಾರೆ. ಆಗ ದ್ರೋಣ ಹಳೇ ಗೆಳೆಯನ ಆಸ್ಥಾನಕ್ಕೆ ಹೋಗುತ್ತಾನೆ. ಅರಸನಿಗೂ ಭಿಕಾರಿಗೂ ಎಂಥ ಗೆಳೆತನ, ಗೆಳೆತನ ಏನಿದ್ದರೂ ಸರಿಸಮಾನರ ನಡುವೆ ಅಂತ ದ್ರುಪದ ಮುಖಕ್ಕೆ ಹೊಡೆದಂತೆ ಹೇಳಿ ಕಳಿಸುತ್ತಾನೆ. ಆಮೇಲೆ ದ್ರೋಣ ಏನು ಮಾಡಿದ ಅಂತ ನಿಮಗೆ ಗೊತ್ತು. ಅರ್ಜುನನಿಂದ ದ್ರುಪದನನ್ನು ಕಟ್ಟಿ ತರಿಸಿ, ಅರ್ಧ ರಾಜ್ಯ ತಾನಿಟ್ಟುಕೊಂಡು, ಅರ್ಧ ಅವನಿಗೇ ವಾಪಸ್ ಕೊಟ್ಟು, ಈಗ ನಾವು ಸಮ ಆದೆವು, ಈಗ ಗೆಳೆಯರಾಗೋಣ ಅಂದ. ಎಂಥಾ ಮಾತು ನೋಡಿ. ದ್ರೋಣನ ಕೈಯಲ್ಲಿ ಬಿಲ್ಲಿತ್ತು, ಶಿಷ್ಯರಿದ್ದರು, ಅದಕ್ಕೇ ಅವನ ಅವಮಾನ ಒಂದು ಯುದ್ಧವಾಯಿತು. ಹಸನ್‌ನ ಕೈಯಲ್ಲಿ ಇದ್ದದ್ದು ಕವಣೆ. ಅಂದ ಹಾಗೆ ಇದೇ ದ್ರೋಣ ಕಾಡಿನ ಹುಡುಗನೊಬ್ಬನ ನಿಷ್ಠೆಗೆ ಬದಲಾಗಿ ಹೆಬ್ಬೆರಳು ಕೇಳಿದ. ಮೇಲಿನವನಿಂದ ಅವಮಾನ ಆದರೆ ಮರೆಯದವನು, ಕೆಳಗಿನವನ ಲೆಕ್ಕ ಬಂದಾಗ ಎಲ್ಲ ಮರೆತ.

ಮಕ್ಕಳಿಗೆ ಪಾಠ ಮಾಡುವಾಗ ನಾನು ಇದರ ಜೊತೆ ಕರ್ಣನನ್ನೂ ತರುತ್ತೇನೆ. ದುರ್ಯೋಧನ ಕರ್ಣನಿಗೆ ಅಂಗರಾಜ್ಯ ಕೊಟ್ಟದ್ದರಲ್ಲಿ ಸ್ವಾರ್ಥ ಇತ್ತು, ಅರ್ಜುನನಿಗೆ ಎದುರು ನಿಲ್ಲುವವನು ಬೇಕಿತ್ತು. ಕರ್ಣನದು ಜೋಳದ ಋಣ. ಇಷ್ಟಕ್ಕೇ ನಿಂತಿದ್ದರೆ ಅದೂ ಗೌಡ-ಆಳಿನ ಕಥೆಯೇ ಆಗುತ್ತಿತ್ತು. ಆದರೆ ಹತ್ತನೇ ಶತಮಾನದ ಪಂಪ ಅಲ್ಲಿ ಒಂದು ಸಣ್ಣ ಸಂಗತಿ ಇಡುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಮತ್ತು ಕರ್ಣ ಪಗಡೆ ಆಡುತ್ತಿದ್ದಾರೆ. ಸೋತ ಪಣ ಕೊಡು ಅಂತ ಕಾಡುವಾಗ ಅವಳ ಸರ ಹರಿದು ಮುತ್ತು ಚೆಲ್ಲುತ್ತದೆ. ಅದೇ ಹೊತ್ತಿಗೆ ದುರ್ಯೋಧನ ಅಲ್ಲಿದ್ದಾನೆ. ಬೇರೆ ಯಾವ ಅರಸನಾದರೂ ಕತ್ತಿ ಹಿರಿಯುತ್ತಿದ್ದ. ಅವನು ಸ್ವಲ್ಪವೂ ಬೇಸರ ಇಲ್ಲದೆ, ಮುತ್ತು ಆರಿಸಿ ಕೊಡಲಾ ಅಂತ ಕೇಳುತ್ತಾನೆ. ಮುಂದೆ ಕೃಷ್ಣ ಬಂದು ನೀನು ಪಾಂಡವರ ಅಣ್ಣ ಅಂದಾಗ, ಕರ್ಣ ಈ ಮುತ್ತಿನ ಸಂಗತಿ ಹೇಳಿ ಇಂಥವನನ್ನು ಬಿಟ್ಟು ಬಂದರೆ ನಾನು ಎಂಥವನು ಅನ್ನುತ್ತಾನೆ. ಅಂಗರಾಜ್ಯಕ್ಕಿಂತ ಅವನಿಗೆ ಅದು ದೊಡ್ಡದಾಗಿ ಕಂಡಿತು. ಅರಸ ಅವನನ್ನು ನಂಬಿದ, ಅವನ ಮುಂದೆ ನೆಲಕ್ಕೆ ಬಗ್ಗಲು ರೆಡಿ ಇದ್ದ. ಅಮೀರ್ ಹಸನ್‌ಗಾಗಿ ಒಂದು ಸಲವೂ ಬಗ್ಗಲಿಲ್ಲ. ಮನೆಗೆ ನೆಂಟರು ಬಂದಾಗ ಅವನನ್ನು ಆಟಕ್ಕೇ ಸೇರಿಸಿಕೊಳ್ಳುತ್ತಿರಲಿಲ್ಲ. ಇದನ್ನು ಓಣಿಯಲ್ಲಿ ಆಸೆಫ್‌ನೇ ಹಸನ್‌ಗೆ ಹೇಳುತ್ತಾನೆ, ಹೇಳಿ ನೋಯಿಸುತ್ತಾನೆ. ಕೆಟ್ಟವನ ಬಾಯಲ್ಲಿ ಬಂದ ಮಾತು, ಆದರೆ ಸುಳ್ಳಲ್ಲ, ಅದೇ ಸಂಕಟ.

ಇಂಗ್ಲಿಷಿನ ಹಳೇ ಪುಸ್ತಕ 'ಹಕಲ್‌ಬೆರಿ ಫಿನ್' ಓದಿದವರಿಗೆ ಇನ್ನೊಂದು ನೆನಪಾಗಬಹುದು. ಅದರಲ್ಲಿ ಹಕ್ ಅನ್ನುವ ಬಡ ಬಿಳಿಯ ಹುಡುಗ, ಓಡಿಬಂದ ಗುಲಾಮ ಜಿಮ್‌ನ ಗುಟ್ಟು ಬಿಟ್ಟುಕೊಡಲು ಕಾಗದ ಬರೆಯುತ್ತಾನೆ, ಆಮೇಲೆ ಹರಿದುಹಾಕಿ ನರಕಕ್ಕೇ ಹೋಗುತ್ತೇನೆ ಅಂದುಕೊಳ್ಳುತ್ತಾನೆ. ಇದನ್ನು ಎಲ್ಲರೂ ಹೇಳುತ್ತಾರೆ. ಕೊನೆಯಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್ ಮಾಡುವುದನ್ನು ಕಡಿಮೆ ಜನ ಹೇಳುತ್ತಾರೆ. ಜಿಮ್‌ಗೆ ಆಗಲೇ ಬಿಡುಗಡೆ ಸಿಕ್ಕಿದೆ, ಒಡತಿ ಸಾಯುವಾಗ ಬರೆದಿಟ್ಟಿದ್ದಾಳೆ, ಅದು ಟಾಮ್‌ಗೆ ಗೊತ್ತು. ಆದರೂ ಹೇಳುವುದಿಲ್ಲ. ಸಾಹಸದ ಆಟ ಆಡಬೇಕಲ್ಲ, ಅದಕ್ಕೆ ಅವನನ್ನು ಗುಡಿಸಲಲ್ಲಿ ಕೂಡಿಹಾಕಿದ್ದಂತೆಯೇ ಇರಲು ಬಿಡುತ್ತಾನೆ. ಎಲ್ಲ ಮುಗಿದ ಮೇಲೆ, ಒಳ್ಳೇ ಕೈದಿಯಾಗಿ ಸಹಕರಿಸಿದ್ದಕ್ಕೆ ಜಿಮ್‌ನ ಕೈಗೆ 40 ಡಾಲರ್ ಇಡುತ್ತಾನೆ. ಜಿಮ್ ಖುಷಿಯಿಂದ ತೆಗೆದುಕೊಳ್ಳುತ್ತಾನೆ. ಗೌಡರ ಮನೆಯಲ್ಲಿ ಹಬ್ಬಕ್ಕೆ ಕೊಡುವ ಖುಷಿ ದುಡ್ಡು ನೋಡಿದವರಿಗೆ ಈ 40 ಡಾಲರಿನ ತೂಕ ಗೊತ್ತಾಗುತ್ತದೆ.

ಹಾಗಂತ ಹೊಸೇನಿಯವರ ಕಾದಂಬರಿಯನ್ನು ನಾನು ಬಯ್ಯುತ್ತಿಲ್ಲ. ಅದನ್ನು ಮೆಚ್ಚುವವರಿಗಿಂತ ಆ ಕಾದಂಬರಿ ಜಾಣತನದ್ದು. ಎರಡು ಜಾಗ ತೋರಿಸುತ್ತೇನೆ.

ಒಂದು, ಅಮೀರ್ ಬರೆದ ಮೊದಲ ಕಥೆ. ಒಬ್ಬನಿಗೆ ಮಾಯದ ಬಟ್ಟಲು ಸಿಗುತ್ತದೆ, ಅದರೊಳಗೆ ಅತ್ತರೆ ಕಣ್ಣೀರು ಮುತ್ತಾಗುತ್ತದೆ. ಬಡವ, ಆದರೆ ಸುಖವಾಗಿದ್ದವನು, ಅಳು ಬರುವುದೇ ಇಲ್ಲ. ದುರಾಸೆ ಬೆಳೆದು ಬೆಳೆದು ಕೊನೆಗೆ ಮುತ್ತಿನ ಗುಡ್ಡದ ಮೇಲೆ ಕೂತು, ಕೈಯಲ್ಲಿ ಚಾಕು ಹಿಡಿದು, ಕೊಂದ ಹೆಂಡತಿಯನ್ನು ಅಪ್ಪಿಕೊಂಡು ಅಳುತ್ತಾನೆ. ರಾತ್ರಿ ಹಸನ್‌ನನ್ನು ಎಬ್ಬಿಸಿ ಅಮೀರ್ ಇದನ್ನು ಓದಿ ಹೇಳುತ್ತಾನೆ. ಹಸನ್ ಹೊಗಳುತ್ತಾನೆ, ಆಮೇಲೆ ಹಿಂಜರಿಯುತ್ತಾ ಒಂದು ಪ್ರಶ್ನೆ ಕೇಳುತ್ತಾನೆ: ಹೆಂಡತಿಯನ್ನು ಯಾಕೆ ಕೊಲ್ಲಬೇಕಿತ್ತು? ಉಳ್ಳಾಗಡ್ಡಿ ಮೂಸಿದ್ದರೆ ಆಗುತ್ತಿರಲಿಲ್ವಾ? ಓದು ಬರದ ಹುಡುಗನ ಈ ಪ್ರಶ್ನೆಗೆ ಓದಿದವನ ಹತ್ತಿರ ಉತ್ತರ ಇಲ್ಲ. ಒಳಗೊಳಗೇ, ಈ ಹಜಾರಾನಿಗೆ ಏನು ಗೊತ್ತು ಅನ್ನುವ ದನಿ ಏಳುತ್ತದೆ. ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಬಿದ್ದುಬಿದ್ದು ನಕ್ಕರು. ನಮ್ಮ ಕಡೆ ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ ಗುದ್ದಿ ತಿನ್ನುವ ಮಕ್ಕಳು, ಅವರಿಗೆ ಅದು ಮೊದಲೇ ಹೊಳೆದಿತ್ತು.

ಈ ಪ್ರಶ್ನೆಯನ್ನು ಇಡೀ ಕಾದಂಬರಿಗೇ ಕೇಳಬಹುದು ಅಂತ ನನಗೆ ಅನಿಸುತ್ತದೆ. ಅಮೀರ್ ಒಳ್ಳೆಯವನಾಗಲು ಹಸನ್ ಯಾಕೆ ಸಾಯಬೇಕಿತ್ತು? ಅಮೀರ್ ಮತ್ತು ಬಾಬಾ ದೇಶ ಬಿಟ್ಟು ಅಮೆರಿಕಕ್ಕೆ ಹೋದ ಎಷ್ಟೋ ವರ್ಷದ ಮೇಲೆ, ಆ ಮನೆ ಕಾಯಲು ವಾಪಸ್ ಬಂದ ಹಸನ್‌ನನ್ನೂ ಅವನ ಹೆಂಡತಿಯನ್ನೂ ತಾಲಿಬಾನಿಗಳು ಗುಂಡಿಕ್ಕಿ ಕೊಲ್ಲುತ್ತಾರೆ. ಅವನು ಬದುಕಿದ್ದು, ಅಮೀರ್ ಎದುರು ಬಂದು ನಿಂತಿದ್ದರೆ? ಕ್ಷಮೆ ಕೇಳಬೇಕಾದ ಮನುಷ್ಯನೇ ಇಲ್ಲದಿದ್ದಾಗ ಕ್ಷಮೆ ಸಿಕ್ಕೇ ಸಿಗುತ್ತದೆ, ಅಲ್ವಾ? ಅವನು ಬೇಡ ಅನ್ನುವ ಭಯವೇ ಇಲ್ಲ.

ಎರಡನೆಯದು ದಾಳಿಂಬೆ. ಓಣಿಯ ಘಟನೆ ಆದ ಮೇಲೆ ಅದೇ ಮರದ ಹತ್ತಿರ ಅಮೀರ್ ಹಸನ್‌ಗೆ ದಾಳಿಂಬೆ ಹಣ್ಣು ಬೀಸಿ ಹೊಡೆಯುತ್ತಾನೆ. ನೀನೂ ಹೊಡಿ, ನೀನೂ ಹೊಡಿ ಅಂತ ಕೂಗುತ್ತಾನೆ. ಹೊಡೆಸಿಕೊಂಡರೆ ತನಗೆ ಹಗುರವಾಗುತ್ತದೆ ಅಂತ. ಹಸನ್ ಹೊಡೆಯುವುದಿಲ್ಲ. ಮೈಯೆಲ್ಲ ಕೆಂಪು ರಸ. ಕೊನೆಗೆ ಒಂದು ಹಣ್ಣು ಎತ್ತಿಕೊಂಡು ಹತ್ತಿರ ಬರುತ್ತಾನೆ, ಅದನ್ನು ಬಿಡಿಸಿ ತನ್ನ ಹಣೆಗೇ ಹಿಸುಕಿಕೊಂಡು, ಸಮಾಧಾನ ಆಯ್ತಾ ಅಂತ ಕೇಳಿ ಗುಡ್ಡ ಇಳಿದು ಹೋಗುತ್ತಾನೆ. ನಿಮ್ಮ ಲೇಖಕರು ಇದನ್ನೂ ಹಸನ್‌ನ ಒಳ್ಳೆಯತನಕ್ಕೆ ಉದಾಹರಣೆ ಮಾಡಿದ್ದಾರೆ. ನಾನು ಹೇಳುವುದು, ಅದು ಸಿಟ್ಟು. ಮೇಲಿನವನಿಗೆ ಕೈ ಎತ್ತುವ ಹಾಗಿಲ್ಲದವನ ಸಿಟ್ಟು ಹೀಗೇ ತನ್ನ ಮೇಲೇ ತಿರುಗುತ್ತದೆ. ನೀನು ಕೇಳಿದ ಪೆಟ್ಟು ನಾನು ಕೊಡುವುದಿಲ್ಲ, ನಿನ್ನ ಭಾರ ನೀನೇ ಹೊತ್ತುಕೋ ಅಂತ ಅವನು ಹೇಳಿ ಹೋಗಿದ್ದಾನೆ. ಆ ಹುಡುಗನನ್ನು ಬರೀ ಸಾಧು ಹಸು ಮಾಡಿ ಹೊಗಳುವುದು ಅವನಿಗೆ ಮಾಡುವ ಇನ್ನೊಂದು ಅನ್ಯಾಯ.

ಒಂದು ವಿಷಯದಲ್ಲಿ ಮಾತ್ರ ಕಾದಂಬರಿಕಾರರ ಮೇಲೆಯೇ ನನಗೆ ಬೇಸರ ಇದೆ. ಹಸನ್ ಬಾಬಾನ ಮಗನೇ ಅಂತ ಕೊನೆಗೆ ಬಯಲಾಗುತ್ತದೆ. ಅಂದರೆ ಬಾಬಾ ತನ್ನ ಜೊತೆಯಲ್ಲೇ ಬೆಳೆದ ಅಲಿಗೆ ದ್ರೋಹ ಮಾಡಿದ್ದ, ಮಗ ಮಾಡಿದ್ದು ಅದರ ಮುಂದಿನ ಕಂತು. ಎರಡು ತಲೆಮಾರಿನ ಈ ಜೋಡಣೆ ಚೆನ್ನಾಗಿದೆ. ಆದರೆ ಆ ಸಂದರ್ಭ ಗಮನಿಸಿ. ಪಾಕಿಸ್ತಾನದ ಪೇಶಾವರದಲ್ಲಿ ಬಾಬಾನ ಹಳೇ ಗೆಳೆಯ ರಹೀಮ್ ಖಾನ್, ಹಸನ್‌ನ ಅನಾಥ ಮಗ ಸೊಹ್ರಾಬ್‌ನನ್ನು ಕಾಬೂಲಿಗೆ ಹೋಗಿ ಕರೆದುಕೊಂಡು ಬಾ ಅನ್ನುತ್ತಾನೆ. ಅಮೀರ್ ಹಿಂದೇಟು ಹಾಕುತ್ತಾನೆ, ಬೇರೆ ಯಾರಿಗಾದರೂ ದುಡ್ಡು ಕೊಟ್ಟು ಕಳಿಸೋಣ ಅನ್ನುತ್ತಾನೆ. ಆಮೇಲೆ ರಕ್ತಸಂಬಂಧದ ಗುಟ್ಟು ಗೊತ್ತಾಗುತ್ತದೆ, ಆಮೇಲೆ ಹೊರಡುತ್ತಾನೆ. ಹಾಗಾದರೆ ಹಸನ್ ಬರೀ ಆಳಿನ ಮಗನೇ ಆಗಿದ್ದಿದ್ದರೆ ಹೋಗುತ್ತಿದ್ದನಾ? ಒಟ್ಟಿಗೆ ಕಳೆದ ಅಷ್ಟು ವರ್ಷ, ಆ ಪತಂಗ, ಆ ಕಥೆಗಳು, ಇವು ಸಾಕಾಗಲಿಲ್ಲ, ರಕ್ತ ಬೇಕಾಯಿತು. ವಾಡೆಯ ಒಳಗೆ ಬರಬೇಕಾದರೆ ಅಣ್ಣತಮ್ಮ ಆಗಿಯೇ ಬರಬೇಕು, ಗೆಳೆಯನಾಗಿ ಬಂದರೆ ನಡೆಯುವುದಿಲ್ಲ. ನಮ್ಮಪ್ಪನ ಜೋಕು ನನಗೆ ಇಲ್ಲಿ ಮತ್ತೆ ಕೇಳಿಸಿತು.

ಹೋಗಲಿ, ಕೇಳುತ್ತಿರುವುದು ಒಂದೇ. ಇಂಥ ಕಥೆಗಳನ್ನು ಯಾವಾಗಲೂ ಅಮೀರ್ ಹೇಳುತ್ತಾನೆ. ಹೇಳುವ ಭಾಷೆ, ಪೆನ್ನು, ಬಿಡುವು ಎಲ್ಲ ಅವನ ಹತ್ತಿರ ಇರುತ್ತದೆ. ಕನ್ನಡದಲ್ಲಿ ಆ ಕಡೆಯಿಂದ ಬರೆದವರು ಇಲ್ಲದೇ ಇಲ್ಲ. ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ' ಇದೆ. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು' ಇದೆ, ಅದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಈ ನೆಲದ ಮಾತಿನಲ್ಲೇ ಬರೆದದ್ದು. ನಿಮ್ಮ ಲೇಖನದಲ್ಲಿ ಇಂಗ್ಲಿಷ್ ಕಾದಂಬರಿಗಳದ್ದೇ ಸಾಲು, ಇಂಥ ಒಂದೂ ಹೆಸರು ಇರಲಿಲ್ಲ. ಗೆಳೆತನದ ಬಗ್ಗೆ ಬರೆಯುವಾಗ ಇವು ನೆನಪಾಗುವುದಿಲ್ಲ, ಜಾತಿಯ ಬಗ್ಗೆ ಬರೆಯುವಾಗ ಮಾತ್ರ ನೆನಪಾಗುತ್ತವೆ. ಯಾಕೆ?

ನಿಮ್ಮ ಪುರವಣಿಯಲ್ಲಿ ಈ ವಿಷಯವನ್ನು ಮುಂದುವರಿಸುವುದಾದರೆ, ಗೌಡರ ಮಕ್ಕಳ ಜೊತೆ, ಸಾವಕಾರರ ಮಕ್ಕಳ ಜೊತೆ, ಆಫೀಸರ್ ಮಕ್ಕಳ ಜೊತೆ ಬೆಳೆದು ಈಗ ಬೇರೆಬೇರೆ ಕೆಲಸದಲ್ಲಿರುವವರಿಂದ ಬರೆಸಿ. ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿ ಮುಂಬೈ, ಪುಣೆ ಕಡೆ ದುಡಿಯಲು ಹೋದವರಲ್ಲೂ ಬರೆಯುವವರಿದ್ದಾರೆ. ಸಿಹಿ ನೆನಪೇ ಬರೆಯಬೇಕು ಅಂತ ಷರತ್ತು ಹಾಕಬೇಡಿ. ನನ್ನ ಪರಿಚಯದ ನಾಲ್ಕಾರು ಜನ ಈಗಲೇ ತಯಾರಿದ್ದಾರೆ, ಆದರೆ ಅವರಿಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಕೈಬರಹದಲ್ಲಿ ಬರೆದು ಅಂಚೆಯಲ್ಲಿ ಕಳಿಸಿದರೆ ತೆಗೆದುಕೊಳ್ಳುತ್ತೀರಾ, ಎಷ್ಟು ಪುಟದೊಳಗೆ ಇರಬೇಕು ಅನ್ನುವುದನ್ನು ಪತ್ರಿಕೆಯಲ್ಲೇ ಒಂದು ಸಾಲು ಹಾಕಿ ತಿಳಿಸಿ.

ಇಂತಿ ನಿಮ್ಮ ಓದುಗ,
ಕಲಬುರಗಿ